ವರ್ಗಾವಣೆಯಾಗದ ನಾಲ್ಕನೆಯ ಪಾದ



ಅಮಾವಾಸ್ಯೆಯಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಿಂದ ಶ್ರೀಮಠಕ್ಕೆ ದರ್ಶನಕ್ಕೆ ಬರುವ ಭಕ್ತರಲ್ಲಿ ಅನೇಕರು, ಪ್ರಸಾದವಾದ ಮೇಲೆ ನಮ್ಮ ಬಳಿಯೂ ಕುಳಿತು ತಮ್ಮ ದೇಹಸ್ಥಿತಿಯನ್ನು ಹೇಳಿಕೊಳ್ಳುವುದು ಬಹುಕಾಲದ ರೂಢಿ. ಕಳೆದ ವರ್ಷ ಹೀಗೆ ಬಂದವರಲ್ಲಿ ಅರವತ್ತರ ಆಸುಪಾಸಿನ ರೈತರೊಬ್ಬರಿದ್ದರು. ಬೆಳಗಿನಿಂದ ಬಲಗೈ ಜೋಮು ಹಿಡಿದಂತಾಗಿದೆ, ತಿಕ್ಕಲು ಎಣ್ಣೆ ಕೊಡಿರಿ ಎಂದು ಕೇಳಿದರು. ಮಾತು ಸ್ವಲ್ಪ ತೊದಲುತ್ತಿತ್ತು. ರಕ್ತದೊತ್ತಡವನ್ನು ಅಳೆದಾಗ 190/110 ಇತ್ತು. ಬಿ.ಪಿ. ಗುಳಿಗೆ ತೆಗೆದುಕೊಳ್ಳುತ್ತಿದ್ದಿರಾ ಎಂದು ವಿಚಾರಿಸಿದೆವು.

"ಆರು ವರ್ಷ ತಗೊಂಡೇನ್ರಿ. ನಮ್ಮ ದವಾಖಾನಿ ಡಾಕ್ಟರಿಗೆ ವರ್ಗ ಆತು. ಹೊಸಾ ಡಾಕ್ಟರ ಗುರ್ತ ಇಲ್ಲ. ಕೊಟ್ಟ ಗುಳಿಗಿ ಬಣ್ಣಾನೂ ಬ್ಯಾರೆ ಇತ್ತು. ನಾಕ ತಿಂಗಳಾತ್ರಿ ಬಿಟ್ಟು" ಎಂದರು.

ಕೂಡಲೇ 108ಕ್ಕೆ ಕರೆಮಾಡಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೆ ಕಳುಹಿಸಲಾಯಿತು. ಜೀವ ಉಳಿಯಿತು. ಆದರೆ ಬಲಗೈಯ ಶಕ್ತಿ ಪೂರ್ಣವಾಗಿ ಮರಳಲಿಲ್ಲ. ಇಂದು ಅವರು ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿಯಬಲ್ಲರು. ಅದಕ್ಕೆ ವಿಭೂತಿ, ಪತ್ರೆಗಳನ್ನು ಅರ್ಪಿಸಲು ಬಲಗೈ ಏಳುವುದಿಲ್ಲ. ಮೊಮ್ಮಗಳು ನೆರವಾಗುತ್ತಾಳೆ.

ಈ ಪ್ರಸಂಗದಲ್ಲಿ ನಮ್ಮ ತಪ್ಪೂ ಇದೆಯೆಂದು ಒಪ್ಪಿಕೊಳ್ಳಬೇಕು. ಅದಕ್ಕೆ ಎರಡು ತಿಂಗಳು ಮೊದಲು ಅವರೇ ಮೊಣಕಾಲು ನೋವೆಂದು ನಮ್ಮಲ್ಲಿಗೆ ಬಂದಿದ್ದರು. ನಾವು ತೈಲವನ್ನು ಕೊಟ್ಟು ಪಥ್ಯವನ್ನು ಹೇಳಿ ಕಳುಹಿಸಿದೆವು. ಬೇರೆ ಯಾವ ಗುಳಿಗೆ ನಡೆದಿದೆ, ಯಾವುದು ನಿಂತಿದೆ ಎಂದು ಕೇಳಲಿಲ್ಲ. ಅಂದು ಒಂದು ಮಾತು ಕೇಳಿದ್ದರೆ ಆ ಕೈ ಉಳಿಯುತ್ತಿತ್ತೋ ಏನೋ. ಅಂದಿನಿಂದ ಯಾರೇ ಬಂದರೂ ಮೊದಲು ಆ ಪ್ರಶ್ನೆಯನ್ನೇ ಕೇಳುತ್ತಿದ್ದೇವೆ. ನಾವು ಬಿ.ಎ.ಎಂ.ಎಸ್. ಮುಗಿಸಿ ವೃತ್ತಿಗಿಳಿದು ನಾಲ್ಕು ದಶಕಗಳು ಸಮೀಪಿಸುತ್ತಿರುವಾಗ ಈ ಪಾಠವನ್ನು ಕಲಿಯಬೇಕಾಯಿತು. ಈ ತಿಂಗಳ ಲೇಖನವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ಚಿಕಿತ್ಸೆಯ ನಾಲ್ಕು ಪಾದಗಳು

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಲಾಗಿದೆ. ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಅಂದರೆ ಶುಶ್ರೂಷೆ ಮಾಡುವವರು, ಮತ್ತು ರೋಗಿ. ಒಂದೊಂದು ಪಾದಕ್ಕೆ ನಾಲ್ಕು ಗುಣಗಳಂತೆ ಒಟ್ಟು ಹದಿನಾರು ಗುಣಗಳು ಕೂಡಿದಾಗ ಚಿಕಿತ್ಸೆ ಸಫಲವಾಗುತ್ತದೆ. ನಾಲ್ಕರಲ್ಲಿ ವೈದ್ಯನಿಗೆ ಪ್ರಾಧಾನ್ಯವನ್ನು ಕೊಟ್ಟಿದ್ದರೂ, ರೋಗಿಯನ್ನು ಚಿಕಿತ್ಸೆ ಪಡೆಯುವ ವಸ್ತುವೆಂದು ಭಾವಿಸದೆ, ಚಿಕಿತ್ಸೆಯನ್ನು ಹೊತ್ತು ನಿಲ್ಲುವ ಒಂದು ಪಾದವೆಂದೇ ಎಣಿಸಿರುವುದು ನಮ್ಮ ಶಾಸ್ತ್ರದ ಹಿರಿಮೆ.

ಈ ದೃಷ್ಟಿಯಿಂದ ನಮ್ಮೂರ ಸರಕಾರಿ ದವಾಖಾನೆಯನ್ನು, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನೋಡೋಣ. ಅಲ್ಲಿಯೂ ನಾಲ್ಕು ಪಾದಗಳಿವೆ. ಸರಕಾರದ ಆದೇಶದಿಂದ ವೈದ್ಯರು ಬದಲಾಗಬಹುದು, ಸಿಬ್ಬಂದಿ ಬದಲಾಗಬಹುದು, ಗುಳಿಗೆಯ ಹೊದಿಕೆ, ಬಣ್ಣ ಬದಲಾಗಬಹುದು. ಆದರೆ ನಾಲ್ಕನೆಯ ಪಾದವಾದ ರೋಗಿಗೆ ವರ್ಗಾವಣೆಯಿಲ್ಲ. ಉಳಿದ ಮೂರು ಅಲುಗಾಡಿದಾಗ ಈ ನಾಲ್ಕನೆಯದು ಗಟ್ಟಿಯಾಗಿ ನಿಲ್ಲಬೇಕು. ಈ ಲೇಖನದ ತಿರುಳು ಇಷ್ಟೇ.

ವೈದ್ಯರು ಏಕೆ ಬದಲಾಗುತ್ತಾರೆ?

"ಒಳ್ಳೆಯ ಡಾಕ್ಟರು ಬಂದರೆ ನಿಲ್ಲಗೊಡುವುದಿಲ್ಲ" ಎಂಬ ಮಾತನ್ನು ಹಳ್ಳಿಗಳಲ್ಲಿ ಕೇಳುತ್ತೇವೆ. ಅದರಲ್ಲಿ ಬೇಸರವಿದೆ, ಪ್ರೀತಿಯೂ ಇದೆ. ಆದರೆ ಬದಲಾವಣೆಗೆ ಕಾರಣಗಳಿವೆ. ಸರಕಾರಿ ನೌಕರರ ಸಾರ್ವತ್ರಿಕ ವರ್ಗಾವಣೆ ಸಾಮಾನ್ಯವಾಗಿ ಮುಂಗಾರಿನ ಆರಂಭದ ಹೊತ್ತಿಗೆ ನಡೆಯುತ್ತದೆ. ಕೆಲವರು ಉನ್ನತ ವ್ಯಾಸಂಗಕ್ಕೆ ಹೋಗುತ್ತಾರೆ, ಕೆಲವರು ನಿವೃತ್ತರಾಗುತ್ತಾರೆ, ಗುತ್ತಿಗೆಯ ಮೇಲಿರುವವರ ಅವಧಿ ಮುಗಿಯುತ್ತದೆ. ಇನ್ನು ಕರ್ನಾಟಕದಲ್ಲಿ 2012ರ ಕಡ್ಡಾಯ ಸೇವಾ ಕಾಯ್ದೆಯ ಅನ್ವಯ, ವೈದ್ಯ ಶಿಕ್ಷಣ ಮುಗಿಸಿದ ತರುಣ ವೈದ್ಯರು ಒಂದು ವರ್ಷ ಸರಕಾರಿ ಸೇವೆ ಸಲ್ಲಿಸುವ ವ್ಯವಸ್ಥೆ ಬಂದಿತು. ಹೀಗೆ ಬಂದವರು ವರ್ಷ ತುಂಬಿದೊಡನೆ ಹೋಗುವುದು ಸಹಜ.

ಹೊಸಬರು ತರುಣರೆಂದು ಅಂಜಬೇಕಾಗಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ, ಬಸುರಿಯರ ತಪಾಸಣೆ ಇವುಗಳಿಗೆ ಚಿಕಿತ್ಸೆಯ ಕ್ರಮವು ಇಡೀ ರಾಜ್ಯಕ್ಕೆ ಒಂದೇ ಆಗಿದೆ. ಹಳೆಯ ವೈದ್ಯರು ಬರೆದುದನ್ನೇ ಹೊಸ ವೈದ್ಯರು ಮುಂದುವರಿಸುತ್ತಾರೆ. ಬದಲಿಸಿದರೆ ಅದಕ್ಕೆ ಕಾರಣವಿರುತ್ತದೆ, ಆ ಕಾರಣವನ್ನು ಕೇಳುವ ಹಕ್ಕು ನಮಗಿದೆ. ಕಾಯಕತತ್ತ್ವವನ್ನು ನಂಬಿದ ನಮಗೆ ಇದು ಹೊಸ ವಿಚಾರವಲ್ಲ. ವೈದ್ಯ ಸಂಗಣ್ಣನಂಥ ಶರಣರ ಪರಂಪರೆಯಲ್ಲಿ ಗೌರವ ಸಲ್ಲುವುದು ಕಾಯಕಕ್ಕೆ; ಕಾಯಕದ ಆಸನದಲ್ಲಿ ಇಂದು ಒಬ್ಬರು, ನಾಳೆ ಇನ್ನೊಬ್ಬರು ಕುಳಿತಾರು.

ಉಪಸ್ಥಾತೃಗಳು: ಯಾರು, ಏನು ಮಾಡುತ್ತಾರೆ?

ದವಾಖಾನೆಯೆಂದರೆ ಡಾಕ್ಟರು ಮಾತ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆಂದು ಕೇಳಿದೊಡನೆ ಹಿಂದಿರುಗುವವರು ಬಹಳ. ಆದರೆ ತಿಂಗಳ ಗುಳಿಗೆ ಮುಗಿದವರಿಗೆ ಬೇಕಾದ ಕೆಲಸದಲ್ಲಿ ಹೆಚ್ಚಿನದನ್ನು ಮಾಡುವವರು ಬೇರೆ ಇದ್ದಾರೆ.

ಮೊದಲನೆಯವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಹೆಣ್ಣುಮಗಳನ್ನು ಆರಿಸುವ ಪದ್ಧತಿ ಬಂದಿತು. ಊರಿನ ಸೊಸೆಯೋ ಮಗಳೋ ಆದ್ದರಿಂದ ಇವರು ಡಾಕ್ಟರರಂತೆ ವರ್ಗವಾಗಿ ಹೋಗುವವರಲ್ಲ. ಯಾರ ಮನೆಯಲ್ಲಿ ಬಸುರಿಯಿದ್ದಾಳೆ, ಯಾರಿಗೆ ಕ್ಷಯದ ಗುಳಿಗೆ ನಡೆದಿದೆ ಎಂಬುದು ಅವರಿಗೆ ಗೊತ್ತು. ಡಾಕ್ಟರು ಬದಲಾದರೆಂದು ಕೇಳಿದ ದಿನ ಮೊದಲು ಹೋಗಬೇಕಾದುದು ಇವರ ಮನೆಗೆ.

ಎರಡನೆಯವರು ಉಪಕೇಂದ್ರದಲ್ಲಿರುವವರು. ಸುಮಾರು 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಬಯಲು ಸೀಮೆಗೆ ರೂಪಿಸಿದ ಅಳತೆ. 2018ರಿಂದ ಇಂಥ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸುವ ಕಾರ್ಯ ನಡೆಯಿತು; ಈಗ ಇವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರಿದೆ. ಇಲ್ಲಿ ನರ್ಸಿಂಗ್ ಕಲಿತು ತರಬೇತಿ ಹೊಂದಿದ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುವುದು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿನ ಲಕ್ಷಣಗಳನ್ನು ನೋಡುವುದು, ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತಿಂಗಳು ತಿಂಗಳು ಮುಂದುವರಿಸಿ ಕೊಡುವುದು ಇವರ ಕೆಲಸ. ಅಗತ್ಯವಿದ್ದರೆ ಇ-ಸಂಜೀವಿನಿ ಎಂಬ ವ್ಯವಸ್ಥೆಯ ಮೂಲಕ ದೂರದ ವೈದ್ಯರೊಡನೆ ಪರದೆಯ ಮೇಲೆ ಮಾತನಾಡಿಸಿ ಸಲಹೆ ಕೊಡಿಸುತ್ತಾರೆ. ಸವಣೂರಿನ ವೀಳ್ಯದೆಲೆಗೆ ನಾಡಿನಲ್ಲೆಲ್ಲ ಹೆಸರಿದೆ. ಆದರೆ ಎಲೆಯೊಡನೆ ತಂಬಾಕು ಹಾಕುವ ಅಭ್ಯಾಸವುಳ್ಳವರು ವರ್ಷಕ್ಕೊಮ್ಮೆಯಾದರೂ ಇವರ ಬಳಿ ಬಾಯಿ ತೋರಿಸಬೇಕೆಂದು ಕಳಕಳಿಯಿಂದ ಹೇಳುತ್ತೇವೆ.

ಮೂರನೆಯವರು ಕೇಂದ್ರದ ಶುಶ್ರೂಷಾ ಸಿಬ್ಬಂದಿ, ಪ್ರಯೋಗಶಾಲೆಯವರು, ಔಷಧ ವಿತರಿಸುವ ಫಾರ್ಮಸಿ ಅಧಿಕಾರಿ ಮತ್ತು ಹಳ್ಳಿಗಳಿಗೆ ಹೋಗುವ ಆರೋಗ್ಯ ನಿರೀಕ್ಷಣಾಧಿಕಾರಿ. ನಾವು ಹಿಂದೆ ನರ್ಸಬಾಯಿ ಎಂದು ಕರೆಯುತ್ತಿದ್ದ ಕಿರಿಯ ಆರೋಗ್ಯ ಸಹಾಯಕಿಯರಿಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಪದನಾಮವಿದೆ. ಕೂಸುಗಳ ಚುಚ್ಚುಮದ್ದು, ಬಸುರಿ ಬಾಣಂತಿಯರ ಆರೈಕೆ ಇವರ ಹೊಣೆ. ಪ್ರತಿ ತಿಂಗಳ 9ನೆಯ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಬಸುರಿಯರಿಗೆ ವಿಶೇಷ ತಪಾಸಣೆ ನಡೆಯುತ್ತದೆ. ಯಾವ ಡಾಕ್ಟರು ಇದ್ದರೂ ಆ ದಿನವನ್ನು ತಪ್ಪಿಸಬಾರದು.

ಚರಕಾಚಾರ್ಯರು ಉಪಸ್ಥಾತೃವಿಗೆ ಹೇಳಿದ ಗುಣಗಳು ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ. ಇವುಗಳನ್ನು ಅವರಿಂದ ನಿರೀಕ್ಷಿಸುವ ನಾವು, ಅವರೊಡನೆ ಮರ್ಯಾದೆಯಿಂದ ಮಾತನಾಡುವುದನ್ನೂ ಕಲಿಯಬೇಕು.

ದ್ರವ್ಯ: ಗುಳಿಗೆಯ ಬಣ್ಣ ಬದಲಾದರೆ

ಆ ರೈತರು ಗುಳಿಗೆಯನ್ನು ಬಿಡಲು ಹೇಳಿದ ಎರಡನೆಯ ಕಾರಣ ಬಣ್ಣ. ಇದನ್ನು ನಾವು ಅನೇಕರ ಬಾಯಲ್ಲಿ ಕೇಳಿದ್ದೇವೆ. ಸರಕಾರಿ ದವಾಖಾನೆಗಳಿಗೆ ಔಷಧವನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವು ಟೆಂಡರ್ ಮೂಲಕ ಕೊಂಡು ಕಳುಹಿಸುತ್ತದೆ. ಔಷಧವನ್ನು ಕೊಳ್ಳುವುದು ಅದರ ಮೂಲ ಹೆಸರಿನಿಂದ. ತಯಾರಿಸಿದ ಕಂಪನಿ ಒಂದು ಸಲ ಒಂದಾದರೆ ಇನ್ನೊಂದು ಸಲ ಬೇರೆ. ಆದುದರಿಂದ ಆಕಾರ, ಬಣ್ಣ, ಹೊದಿಕೆ ಬದಲಾಗುತ್ತವೆ. ಒಳಗಿನ ದ್ರವ್ಯ ಅದೇ ಇರುತ್ತದೆ. ಒಂದೇ ತ್ರಿಫಲಾ ಚೂರ್ಣ ಬೇರೆ ಬೇರೆ ಡಬ್ಬಿಯಲ್ಲಿ ಬರುವುದಿಲ್ಲವೇ? ಹಾಗೆಯೇ ಇದೂ.

ನೋಡಬೇಕಾದುದು ಎರಡು ಸಂಗತಿ: ಹೊದಿಕೆಯ ಮೇಲಿನ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬ ಅಂಕಿ. ಉದಾಹರಣೆಗೆ ಅಮ್ಲೋಡಿಪಿನ್ 5 ಇದ್ದವರಿಗೆ ಅಮ್ಲೋಡಿಪಿನ್ 5 ಬಂದಿದ್ದರೆ ಬಣ್ಣ ಯಾವುದಿದ್ದರೂ ಚಿಂತೆಯಿಲ್ಲ. ಓದಲು ಬಾರದವರು ಹಳೆಯ ಖಾಲಿ ಹೊದಿಕೆಯನ್ನು ಎಸೆಯದೆ ಒಯ್ದು, ಕಿಟಕಿಯಲ್ಲಿ ಔಷಧ ಕೊಡುವವರಿಗೆ ತೋರಿಸಿ, ಎರಡೂ ಒಂದೇಯೇ ಎಂದು ಕೇಳಬೇಕು. ಅಂಕಿ ಬೇರೆ ಇದ್ದರೆ ಎಷ್ಟು ತೆಗೆದುಕೊಳ್ಳಬೇಕೆಂದು ಅಲ್ಲಿಯೇ ಕೇಳಿ ತಿಳಿಯಬೇಕು.

ಒಮ್ಮೊಮ್ಮೆ ದಾಸ್ತಾನು ಇಲ್ಲವೆಂಬ ಉತ್ತರವೂ ಬರಬಹುದು. ಆಗ ಬರಿಗೈಯಲ್ಲಿ ಮನೆಗೆ ಬಂದು ಮುಂದಿನ ತಿಂಗಳವರೆಗೆ ಕಾಯಬಾರದು. ಚೀಟಿಯನ್ನು ತೆಗೆದುಕೊಂಡು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬೇಕು, ಇಲ್ಲವೇ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳಬೇಕು. ಕೊರತೆ ಮುಂದುವರಿದರೆ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ತಿಳಿಸಬಹುದು. 104 ಆರೋಗ್ಯ ಸಹಾಯವಾಣಿಗೂ ಕರೆ ಮಾಡಬಹುದು.

ನಿಂತರೆ ಏನಾಗುತ್ತದೆ?

ಕೆಲವು ಔಷಧಗಳು ರೋಗ ಗುಣವಾಗುವವರೆಗೆ. ಕೆಲವು ರೋಗವನ್ನು ಹಿಡಿತದಲ್ಲಿಡಲು. ಎರಡನೆಯ ಬಗೆಯವನ್ನು ನಿಲ್ಲಿಸಿದರೆ ಮರುದಿನವೇ ತೊಂದರೆ ಕಾಣದಿರಬಹುದು. ಅಪಾಯವಿರುವುದು ಅಲ್ಲಿಯೇ.

ರಕ್ತದೊತ್ತಡ ಏರಿದ್ದರೂ ಬಹುಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಆರಾಮವಿದ್ದೇನೆಂಬ ಭಾವನೆಯಲ್ಲಿಯೇ ಮೆದುಳು, ಹೃದಯ, ಮೂತ್ರಪಿಂಡಗಳ ರಕ್ತನಾಳಗಳು ಸವೆಯುತ್ತಿರುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಕೆಲವು ಗುಳಿಗೆಗಳನ್ನು ಹಠಾತ್ತಾಗಿ ನಿಲ್ಲಿಸಿದರೆ ಹೃದಯಕ್ಕೆ ಒಮ್ಮೆಲೇ ಪೆಟ್ಟು ಬೀಳುವ ಸಂಭವವಿದೆ. ಮೂರ್ಛೆರೋಗದ ಗುಳಿಗೆಯನ್ನು ನಿಲ್ಲಿಸಿದರೆ ಹೊಲದಲ್ಲೋ ಕೆರೆಯ ದಂಡೆಯಲ್ಲೋ ಮೂರ್ಛೆ ಬರಬಹುದು. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ಕೆಮ್ಮು ನಿಂತಿತೆಂದು ಎರಡು ತಿಂಗಳಿಗೇ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯವಾಗಿ ಮರುಕಳಿಸುತ್ತದೆ, ಮನೆಮಂದಿಗೂ ಹರಡುತ್ತದೆ. ನಾಯಿ ಕಚ್ಚಿದವರು ಚುಚ್ಚುಮದ್ದಿನ ಒಂದು ಸುತ್ತು ಪಡೆದು, ಡಾಕ್ಟರು ಬದಲಾದರೆಂದು ಉಳಿದ ದಿನಗಳನ್ನು ತಪ್ಪಿಸಿದರೆ ಪ್ರಾಣಕ್ಕೇ ಎರವು. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಔಷಧ ನಮ್ಮಲ್ಲಿಯೂ ಇಲ್ಲ, ಅವರಲ್ಲಿಯೂ ಇಲ್ಲ.

ಒಂದು ವೇಳೆ ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ಎಣ್ಣೆ ತಿಕ್ಕುತ್ತ ಕೂರುವ ಹೊತ್ತು ಅದಲ್ಲ. ಬಾಯಿಗೆ ನೀರು, ಕಷಾಯ, ಗುಳಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚಿಕಿತ್ಸೆ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ದೊರೆಯಬೇಕು. ಹಿರೇಕೆರೂರು ಕಡೆಯವರು ದಾವಣಗೆರೆಗೋ ಶಿವಮೊಗ್ಗಕ್ಕೋ, ಶಿಗ್ಗಾಂವಿ ಕಡೆಯವರು ಹುಬ್ಬಳ್ಳಿಗೋ ತಲುಪಲು ಬೇಕಾಗುವ ಸಮಯವನ್ನು ಇದರಲ್ಲಿ ಕಳೆದರೆ ಉಳಿಯುವುದೆಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿರಿ. ನಮ್ಮ ಪಂಚಕರ್ಮ, ಅಭ್ಯಂಗಗಳಿಗೆ ಸ್ಥಾನವಿರುವುದು ಪ್ರಾಣ ಉಳಿದು ಸ್ಥಿತಿ ಸ್ಥಿರವಾದ ಮೇಲೆ.

ರೋಗಿಯ ನಾಲ್ಕು ಗುಣಗಳು

ಈಗ ವರ್ಗಾವಣೆಯಾಗದ ಪಾದಕ್ಕೆ ಬರೋಣ. ರೋಗಿಗೆ ಶಾಸ್ತ್ರದಲ್ಲಿ ಹೇಳಿದ ಗುಣಗಳು ನಾಲ್ಕು: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ಇವುಗಳನ್ನು ಇಂದಿನ ದವಾಖಾನೆಗೆ ಹೀಗೆ ಹೊಂದಿಸಿಕೊಳ್ಳಬಹುದು.

ಸ್ಮೃತಿ ಎಂದರೆ ನೆನಪು. ನಮ್ಮ ರೋಗದ ನೆನಪು ಡಾಕ್ಟರ ತಲೆಯಲ್ಲಿದ್ದರೆ ಅವರೊಡನೆ ಅದೂ ವರ್ಗವಾಗಿ ಹೋಗುತ್ತದೆ; ಅದು ನಮ್ಮ ಚೀಲದಲ್ಲಿರಬೇಕು. ದವಾಖಾನೆಯ ಚೀಟಿ, ರಕ್ತಪರೀಕ್ಷೆಯ ವರದಿ, ಬಸುರಿಯರ ತಾಯಿ ಕಾರ್ಡು, ಮಕ್ಕಳ ಚುಚ್ಚುಮದ್ದಿನ ಕಾರ್ಡು, ಖಾಲಿ ಹೊದಿಕೆ ಇವೆಲ್ಲವನ್ನೂ ಒಂದು ಚೀಲದಲ್ಲಿ ತಾರೀಖಿನಂತೆ ಇಡಬೇಕು. ಮಳೆಗಾಲದಲ್ಲಿ ನೀರು ತಾಗದಂತೆ ಪ್ಲಾಸ್ಟಿಕ್ ಹಾಳೆಯೊಂದನ್ನು ಸುತ್ತಿದರೆ ಸಾಕು. 14 ಅಂಕಿಗಳ ಆಭಾ ಸಂಖ್ಯೆಯನ್ನು ಮಾಡಿಸಿಕೊಂಡವರು ಅದನ್ನೂ ಬರೆದಿಡಬೇಕು.

ನಿರ್ದೇಶಕಾರಿತ್ವ ಎಂದರೆ ಹೇಳಿದಂತೆ ನಡೆಯುವುದು. 30 ದಿನದ ಗುಳಿಗೆ ಕೊಟ್ಟಿದ್ದರೆ 25ನೆಯ ದಿನವೇ ಮುಂದಿನದಕ್ಕೆ ಹೋಗಬೇಕು. ಮುಗಿದ ಮೇಲೆ ಹೋಗುತ್ತೇನೆಂದರೆ ಅಂದು ಸಂತೆ, ಮರುದಿನ ಬಿತ್ತನೆ, ಆಮೇಲೆ ಜಾತ್ರೆ ಎಂದು ಹದಿನೈದು ದಿನ ಕಳೆದುಹೋಗುತ್ತವೆ.

ಅಭೀರುತ್ವ ಎಂದರೆ ಅಂಜದಿರುವುದು. ಹೊಸ ವೈದ್ಯರ ಮುಂದೆ ಸುಮ್ಮನೆ ತಲೆಯಾಡಿಸಿ ಎದ್ದು ಬರಬಾರದು. "ಸರ, ಈ ಗುಳಿಗಿ ಯಾಕ ಬದಲಾತು?" "ಮೇಡಂ, ಇದನ್ನ ಎಷ್ಟ ದಿನಾ ತಗೋಬೇಕು?" ಎಂದು ನಮ್ಮ ಮಾತಿನಲ್ಲಿಯೇ ಕೇಳಬಹುದು. ಕೇಳುವುದು ಅವಿನಯವಲ್ಲ. ನಾಲ್ಕು ತಿಂಗಳು ಗುಳಿಗೆ ಬಿಟ್ಟಿದ್ದರೂ ಬೈದಾರೆಂದು ಮುಚ್ಚಿಡಬಾರದು. ಬಿಟ್ಟದ್ದು ತಿಳಿಯದಿದ್ದರೆ, ಔಷಧ ಸಾಲದೆಂದು ಭಾವಿಸಿ ಅವರು ಪ್ರಮಾಣವನ್ನು ಏರಿಸಿಬಿಡಬಹುದು.

ಜ್ಞಾಪಕತ್ವ ಎಂದರೆ ತನ್ನ ರೋಗವನ್ನು ಸರಿಯಾಗಿ ತಿಳಿಸುವ ಶಕ್ತಿ. ಏನಾಗುತ್ತದೆ, ಯಾವಾಗಿನಿಂದ, ಯಾವ ಔಷಧಗಳು ನಡೆದಿವೆ ಎಂಬ ಮೂರು ಸಂಗತಿಗಳನ್ನು ಮನೆಯಲ್ಲಿಯೇ ಯೋಚಿಸಿ ಹೋಗಬೇಕು. ಇಲ್ಲಿ ನಮ್ಮ ಔಷಧಗಳನ್ನೂ ಮರೆಯದೆ ಹೇಳಬೇಕು. ಗಿಡಮೂಲಿಕೆಯಿಂದ ತೊಂದರೆಯಿಲ್ಲವೆಂಬುದು ತಪ್ಪು ತಿಳಿವಳಿಕೆ. ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದೊತ್ತಡ ಏರಬಹುದು. ಲವಣಭಾಸ್ಕರ ಚೂರ್ಣದಲ್ಲಿ ಉಪ್ಪು ಹೇರಳವಾಗಿದೆ. ಸರ್ಪಗಂಧಿಯು ಒತ್ತಡವನ್ನು ಇಳಿಸುವಂಥದು, ಇಂಗ್ಲಿಷ್ ಗುಳಿಗೆಯೊಡನೆ ಕೂಡಿದರೆ ಅತಿಯಾಗಿ ಇಳಿಸೀತು. ಆಸವ ಅರಿಷ್ಟಗಳಲ್ಲಿ ಬೆಲ್ಲ ಅಥವಾ ಸಕ್ಕರೆಯ ಅಂಶವಿರುವುದರಿಂದ ಸಕ್ಕರೆ ಕಾಯಿಲೆಯವರು ಕೇಳಿಯೇ ತೆಗೆದುಕೊಳ್ಳಬೇಕು. ದವಾಖಾನೆಯ ಗುಳಿಗೆಯನ್ನು ಬಿಟ್ಟು ನಮ್ಮ ಕಷಾಯವನ್ನಷ್ಟೇ ಕುಡಿಯಿರಿ ಎಂದು ನಾವು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ. ಹಾಗೆ ಹೇಳುವವರು ಯಾರಿದ್ದರೂ ಅವರ ಮಾತಿಗೆ ಮೊದಲು ದವಾಖಾನೆಯಲ್ಲಿ ಒತ್ತಡವನ್ನು ಅಳೆಸಿಕೊಳ್ಳಿರಿ.

ಊರು ಮಾಡಬೇಕಾದ ಒಂದು ಕೆಲಸ

ಮೆಚ್ಚಿನ ಡಾಕ್ಟರು ಅಥವಾ ಸಿಸ್ಟರ್ ವರ್ಗವಾದಾಗ ಊರವರು ಶಾಲು ಹೊದಿಸಿ, ಮಾಲೆ ಹಾಕಿ ಬೀಳ್ಕೊಡುತ್ತಾರೆ. ಇದು ನಮ್ಮ ಸೀಮೆಯ ಒಳ್ಳೆಯ ಸಂಪ್ರದಾಯ. ಇದಕ್ಕೆ ಇನ್ನೊಂದನ್ನು ಜೋಡಿಸಬೇಕೆಂಬುದು ನಮ್ಮ ಪ್ರಾರ್ಥನೆ. ಹೊಸಬರು ಬಂದ ವಾರದಲ್ಲಿಯೇ ಅವರನ್ನು ಊರಿನ ಗುಡಿಗೋ ಪಂಚಾಯತಿಗೋ ಕರೆದು ಹೆಸರನ್ನು ಎಲ್ಲರಿಗೂ ತಿಳಿಸಬೇಕು. ದವಾಖಾನೆಯ ದಿನ, ವೇಳೆಗಳನ್ನು ಸೋಮವಾರದ ಭಜನೆ ಮುಗಿದ ಮೇಲೆ ಒಂದು ನಿಮಿಷ ಸಾರಿ ಹೇಳಬೇಕು. ಓದಬಲ್ಲ ತರುಣರು ತಮ್ಮ ಓಣಿಯ ಹಿರಿಯರಲ್ಲಿ ಯಾರಿಗೆ ಬಿ.ಪಿ., ಸಕ್ಕರೆಯ ಗುಳಿಗೆ ನಡೆದಿದೆ ಎಂದು ಕೇಳಿ, ನಿಂತಿದ್ದರೆ ಕೈಹಿಡಿದು ಕರೆದೊಯ್ಯಬೇಕು. ದಾಸೋಹವೆಂಬುದು ಅನ್ನಕ್ಕಷ್ಟೇ ಸೀಮಿತವಲ್ಲ. ನಮ್ಮ ಸಮಯ, ನಮ್ಮ ಕಾಲ್ನಡಿಗೆಯೂ ದಾಸೋಹವೇ.

ಆ ರೈತರು ಈಗಲೂ ಅಮಾವಾಸ್ಯೆಗೆ ಬರುತ್ತಾರೆ. ಹೆಗಲಿಗೆ ಒಂದು ಬಟ್ಟೆಯ ಚೀಲವಿರುತ್ತದೆ. ಅದರಲ್ಲಿ ಚೀಟಿಗಳು, ಖಾಲಿ ಹೊದಿಕೆಗಳು. ಕಳೆದ ಸಲ ಅವರ ಒತ್ತಡ 130/80 ಇತ್ತು. ಅವರ ಊರಿನ ದವಾಖಾನೆಗೆ ಮತ್ತೊಬ್ಬ ಡಾಕ್ಟರು ಬಂದಿದ್ದಾರಂತೆ. "ಗುರ್ತ ಆತೇನ್ರಿ?" ಎಂದು ಕೇಳಿದೆವು. "ಮೊದಲ ದಿನಾನ ಚೀಲಾ ತೋರಿಸಿ ಬಂದೇನ್ರಿ" ಎಂದು ಎಡಗೈಯಿಂದ ಚೀಲವನ್ನು ತಟ್ಟಿದರು.

ಮುಂದಿನ ಅಮಾವಾಸ್ಯೆಗೆ ಬರುವವರು ತಮ್ಮ ಚೀಲಗಳನ್ನು ತಪ್ಪದೆ ತನ್ನಿರಿ. ನಾವೂ ನೋಡುತ್ತೇವೆ.